ಪಂಜರದ ಕಿಟಕಿಯಲ್ಲಿ ಕೊಟ್ಟ ಹೆಲ್ಮೆಟ್

ಅಮೋಸ್ ಟಿಲ್ಲರಿ ಮೊದಲ ಸಲ ನನ್ನ ಕಿಟಕಿಗೆ ಬಂದದ್ದು ಜಗಳ ಆಡುವುದಕ್ಕೆ. ಅವನ ಪ್ಯಾಂಟಿನ ಜೇಬಿನಲ್ಲಿ ಒಂದು ಚೀಟಿ ಇತ್ತಂತೆ, ಕುದುರೆಯ ಕಾಲಿನ ಮೂಳೆಗಳ ಹೆಸರೆಲ್ಲ ಅದರಲ್ಲಿ ಬರೆದಿದ್ದನಂತೆ. ನಾನು ಅದನ್ನೂ ಸೇರಿಸಿ ಒಗೆದು ಹಾಕಿದ್ದೆ.

"ಮೂರು ಗಂಟೆ ಕೂತು ಬರೆದಿದ್ದೆ" ಅಂದ.

"ಹೋಗ್ಲಿ ಬಿಡು, ಕುದುರೆಗೂ ಸ್ನಾನ ಆಯ್ತು" ಅಂದೆ.

ನಗಬಾರದು ಎಂದು ತುಟಿ ಬಿಗಿ ಹಿಡಿದ. ಆದರೆ ಕಿವಿ ಅವನ ಮಾತು ಕೇಳಲಿಲ್ಲ. ನಗು ತಡೆದಾಗ ಅವನ ಕಿವಿ ಅಲ್ಲಾಡುತ್ತದೆ, ಅದು ಆವತ್ತೇ ನನಗೆ ಗೊತ್ತಾಯಿತು.

ಅದು ಎಪ್ಪತ್ನಾಲ್ಕನೆಯ ಇಸವಿ, ಅಮೆರಿಕದ ದಕ್ಷಿಣ ಅಲಬಾಮದ ನಮ್ಮ ಊರಿನ ಕಾಲೇಜು. ಫುಟ್‌ಬಾಲ್ ತಂಡದ ಬಟ್ಟೆ ಒಗೆಯುವುದು, ಆಟದ ಸಾಮಾನು ಕೊಟ್ಟು ಹಿಂದಕ್ಕೆ ಪಡೆಯುವುದು ನನ್ನ ಕೆಲಸ. ನನ್ನ ಕೋಣೆಯ ಮುಂದೆ ತಂತಿ ಬಲೆ, ಅದರ ನಡುವೆ ಒಂದು ಚಿಕ್ಕ ಕಿಟಕಿ. ಎಲ್ಲರೂ ಅದನ್ನು ಪಂಜರ ಅನ್ನುತ್ತಿದ್ದರು. ನನಗೆ ಇಪ್ಪತ್ತು ವರ್ಷ. ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಕಿಟಕಿಗೆ ಬರುವ ಹುಡುಗರಿಗೆ ನನ್ನ ಕೈ ಮಾತ್ರ ಕಾಣುತ್ತಿತ್ತು, ಮುಖ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಅಮೋಸ್ ಬಗ್ಗಿ ನೋಡಿದ. ಆರಡಿ ನಾಲ್ಕಂಗುಲದ ಹುಡುಗ, ಬಗ್ಗುವುದಕ್ಕೇ ಅಷ್ಟು ಹೊತ್ತು ಬೇಕಾಯಿತು.

ನಮ್ಮ ಕಡೆಯ ಫುಟ್‌ಬಾಲಿನಲ್ಲಿ ತಲೆಗೆ ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕೈಯಲ್ಲೇ ಹಿಡಿದು ಓಡುತ್ತಾರೆ. ಹಾಗೆ ಓಡುವವನ ಮುಂದೆ ಗೋಡೆಯ ಹಾಗೆ ನಿಂತು, ಎದುರು ತಂಡದವರಿಗೆ ಎದೆ ಕೊಟ್ಟು ತಲೆ ಕೊಟ್ಟು ತಡೆಯುವುದು ಆಟದಲ್ಲಿ ಅವನ ಪಾಲಿನ ಕೆಲಸ. ಆದರೆ ಅವನು ಕಾಲೇಜಿಗೆ ಬಂದದ್ದು ದನದ ಡಾಕ್ಟರ್ ಆಗುವುದಕ್ಕೆ. ಫುಟ್‌ಬಾಲ್ ಆಡುತ್ತಾನೆ ಎಂದೇ ಕಾಲೇಜು ಅವನಿಗೆ ಓದು, ಊಟ, ಹಾಸಿಗೆ ಎಲ್ಲ ಕೊಟ್ಟಿತ್ತು. ತೊಂದರೆ ಏನೆಂದರೆ, ಪ್ರಯೋಗಶಾಲೆ ಇರುತ್ತಿದ್ದದ್ದು ಮಂಗಳವಾರ ಗುರುವಾರ ಮಧ್ಯಾಹ್ನ, ತಂಡದ ಅಭ್ಯಾಸವೂ ಅದೇ ಹೊತ್ತಿಗೆ.

ಇದನ್ನು ಅವನು ಕೋಚ್ ಹಾಲ್ಕಂಬ್ ಹತ್ತಿರ ಹೇಳಿಕೊಂಡ. ಪ್ರಯೋಗಶಾಲೆ ನೋಡುವುದಕ್ಕೆ ಶನಿವಾರ ಮೂವತ್ತು ಸಾವಿರ ಜನ ಬರುವುದಿಲ್ಲ ಮಗನೇ ಎಂದು ಕೋಚ್ ಅವನ ಬೆನ್ನು ತಟ್ಟಿದನಂತೆ. ಮಾರನೆಯ ದಿನವೇ ಅವನ ವಿಷಯಗಳನ್ನು ಬದಲಾಯಿಸಿ, ಆಟಗಾರರೆಲ್ಲ ನಿದ್ದೆ ಮಾಡುವ ಸುಲಭದ ಕ್ಲಾಸುಗಳಿಗೆ ಹಾಕಿಸಿದ. ಅಮೋಸ್ ಎದುರು ಮಾತಾಡಲಿಲ್ಲ. ಪ್ರಯೋಗಶಾಲೆಯ ಪ್ರೊಫೆಸರರ ಕೈಕಾಲು ಹಿಡಿದು, ಭಾನುವಾರ ಒಬ್ಬನೇ ಕೂತು ಓದಿ ಪರೀಕ್ಷೆ ಬರೆಯುತ್ತೇನೆ ಎಂದು ಒಪ್ಪಿಸಿಕೊಂಡು ಬಂದ.

ಅವನು ಕೂತು ಓದುತ್ತಿದ್ದದ್ದು ನನ್ನ ಪಂಜರದಲ್ಲಿ. ಶನಿವಾರದ ಆಟದ ರಕ್ತ, ಹುಲ್ಲಿನ ಕಲೆ ಎಲ್ಲ ಭಾನುವಾರ ನನ್ನ ಯಂತ್ರಗಳಲ್ಲಿ ತಿರುಗುತ್ತಿರುತ್ತಿದ್ದವು. ಚರ್ಚು ಮುಗಿಸಿ, ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಹಿಡಿದುಕೊಂಡು ಬರುತ್ತಿದ್ದ. ಬೆಚ್ಚಗಿನ ಟವಲುಗಳ ರಾಶಿಗೆ ಒರಗಿ ಗಟ್ಟಿಯಾಗಿ ಓದುತ್ತಿದ್ದ.

"ಹಸುವಿನ ಹೊಟ್ಟೇಲಿ ನಾಲ್ಕು ಕೋಣೆ ಇರುತ್ತೆ, ಗೊತ್ತಾ?"

"ನಮ್ಮಪ್ಪನ ಮನೇಲಿ ಇರೋದೇ ಎರಡು" ಅಂದೆ. "ಹಸು ನಮಗಿಂತ ಅನುಕೂಲಸ್ಥೆ."

ಅವನ ಕಿವಿ ಅಲ್ಲಾಡಿತು. ಕಡಲೆಕಾಯಿ ಸುಲಿದು ನನ್ನ ಅಂಗೈಗೆ ಹಾಕುವಾಗ ಅವನ ಬೆರಳು ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ನಿಂತಿತು. ಇಬ್ಬರೂ ಯಂತ್ರದ ಕಡೆ ನೋಡಿದೆವು. ಅಂಗಿಗಳು ಸುತ್ತುತ್ತಿದ್ದವು. ಅಷ್ಟೇ. ಆ ವಾರವೆಲ್ಲ ಆ ಅಂಗೈಯಿಂದ ಬೇರೆ ಕೆಲಸ ಮಾಡುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ನವೆಂಬರಿನಲ್ಲಿ ವರ್ಷದ ದೊಡ್ಡ ಆಟ. ಮೊದಲರ್ಧದಲ್ಲಿ ಅಮೋಸನ ತಲೆಗೆ ಪೆಟ್ಟು ಬಿತ್ತು. ಎದ್ದವನು ನೇರವಾಗಿ ಎದುರು ತಂಡದ ಬೆಂಚಿಗೆ ಹೋಗಿ ಕೂತನಂತೆ. ಆಟಗಾರರ ಗಾಯ ನೋಡುತ್ತಿದ್ದ ಮಿಸ್ಟರ್ ನೀಡಮ್ ಅವನನ್ನು ಕೈ ಹಿಡಿದು ಕರೆತಂದರು. ತಲೆಗೆ ಪೆಟ್ಟಾದವನು ಹೇಗಾದರೂ ಮತ್ತೆ ಆಡುವುದಕ್ಕೆ ನುಗ್ಗುತ್ತಾನೆ, ಆದರೆ ಹೆಲ್ಮೆಟ್ ಇಲ್ಲದವನನ್ನು ಅಂಪೈರ್ ಒಳಗೆ ಬಿಡುವುದಿಲ್ಲ. ಅದಕ್ಕೇ ಅಂಥವರ ಹೆಲ್ಮೆಟ್ ಕಿತ್ತಿಟ್ಟುಕೊಳ್ಳುವುದು ನೀಡಮ್ ಅವರ ರೂಢಿ. ಆವತ್ತು ಅದನ್ನು ಕೆಳಗಿಟ್ಟು ಅದರ ಮೇಲೇ ಕೂತುಬಿಟ್ಟರು.

ವಿರಾಮದ ಹೊತ್ತಿಗೆ ಕೋಚ್ ಹಾಲ್ಕಂಬ್ ನನ್ನ ಕಿಟಕಿಗೆ ಬಂದ. ನಾನು ಅಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಒಂದು ದಿನವೂ ಅವನು ನನ್ನನ್ನು ಮಾತಾಡಿಸಿದವನಲ್ಲ.

"ಆಲ್ತಿಯಾ" ಅಂದ. "ಟಿಲ್ಲರಿ ತಲೆಗೆ ಆಗೋ ಹಾಗೆ ಇನ್ನೊಂದು ಹೆಲ್ಮೆಟ್ ಮಾಡಿಕೊಡ್ತೀಯಾ? ನೀನೂ ನಮ್ಮ ತಂಡದವಳೇ ಅಲ್ವಾ."

ನನ್ನ ಹೆಸರು ಅವನಿಗೆ ಗೊತ್ತಿತ್ತು. ಅಷ್ಟಕ್ಕೇ ನಾನು ಕರಗಿ ನೀರಾದೆ. ಅಮೋಸನ ತಲೆ ದೊಡ್ಡದು, ಸುಮ್ಮನೆ ಎತ್ತಿಕೊಟ್ಟರೆ ಯಾವ ಹೆಲ್ಮೆಟ್ಟೂ ಅವನಿಗೆ ಕೂರುವುದಿಲ್ಲ. ಎಲ್ಲಕ್ಕಿಂತ ದೊಡ್ಡದನ್ನು ತೆಗೆದು, ಒಳಗಿನ ಗಾಳಿಚೀಲಗಳಿಗೆ ಸಣ್ಣ ಪಂಪಿನಿಂದ ಗಾಳಿ ತುಂಬಿ, ಕಿವಿಯ ಹತ್ತಿರ ಎಷ್ಟು ಬೇಕು, ಹಣೆಯ ಹತ್ತಿರ ಎಷ್ಟು ಬೇಕು ಎಂದು ನೆನಪಿನಿಂದಲೇ ಹದ ಮಾಡಿದೆ. ಆ ತಲೆಯನ್ನು ಅಷ್ಟು ಸಲ ನೋಡಿದ್ದೆ. ಪ್ರೀತಿಯಿಂದಲೇ ಮಾಡಿದೆ. ಪೆಟ್ಟು ಬಿದ್ದದ್ದು ಆಗ ನನಗೆ ಗೊತ್ತಿತ್ತೇ ಎಂದು ಕೇಳಿದರೆ, ಗೊತ್ತಿತ್ತು. ರೇಡಿಯೋದಲ್ಲಿ ಕೇಳಿಸಿಕೊಂಡಿದ್ದೆ. ಕೋಚಿಗೆ ಗೊತ್ತಿರುತ್ತದೆ ಬಿಡು ಅಂದುಕೊಂಡೆ.

ನಾವು ಗೆದ್ದೆವು. ಹೊರಗೆ ಬ್ಯಾಂಡು ಬಾರಿಸಿದರು, ಪಂಜರದೊಳಗೆ ಒಬ್ಬಳೇ ಕುಣಿದೆ. ಅಮೋಸ್ ಆಟ ಮುಗಿಯುವ ಮೊದಲೇ ಇನ್ನೊಂದು ಪೆಟ್ಟು ತಿಂದು ಬಿದ್ದು, ಏಳದೆ, ಆಂಬುಲೆನ್ಸಿನಲ್ಲಿ ಹೋಗಿದ್ದಾನೆ ಎಂದು ಆಮೇಲೆ ಯಾರೋ ಹೇಳಿದರು.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಹೊರಗೆ ಬಂದಾಗ ಆ ಮಧ್ಯಾಹ್ನ ಅವನ ನೆನಪಿನಲ್ಲಿ ಇರಲೇ ಇಲ್ಲ. ಪುಸ್ತಕ ಬಿಡಿಸಿದರೆ ಅಕ್ಷರ ಈಜುತ್ತವೆ ಅನ್ನುತ್ತಿದ್ದ. ನೀಡಮ್ ಅವರ ಕಣ್ಣು ತಪ್ಪಿಸಿ ಹುಡುಗನೇ ಹೆಲ್ಮೆಟ್ ಕದ್ದು ಒಳಗೆ ನುಗ್ಗಿದ ಎಂದು ಕೋಚ್ ಪತ್ರಿಕೆಯವರಿಗೆ ಹೇಳಿದ್ದ. ಅಮೋಸ್ ಅದನ್ನು ನಂಬಿದ.

"ಕದ್ದಿರಬೇಕು ಕಣೆ" ಅಂದ. "ಆಡೋ ಹುಚ್ಚು ನಂಗೆ ಅಷ್ಟಿತ್ತು. ನನ್ನ ತಲೆ ನಾನೇ ಹಾಳು ಮಾಡ್ಕೊಂಡೆ."

ನಾನು ಟವಲು ಮಡಿಸುತ್ತಾ ಇದ್ದೆ. ಇಲ್ಲ, ಕೊಟ್ಟವಳು ನಾನು ಅನ್ನುವುದಕ್ಕೆ ಎರಡು ಮಾತು ಸಾಕಿತ್ತು. ಅಂದಿದ್ದರೆ ಭಾನುವಾರಗಳು ಅಲ್ಲಿಗೇ ಮುಗಿಯುತ್ತಿದ್ದವು. ಇನ್ನೊಂದು ಟವಲು ಎತ್ತಿಕೊಂಡು ಮಡಿಸಿದೆ.

ಆವತ್ತಿನಿಂದ ಓದುವ ಕೆಲಸ ನನ್ನದಾಯಿತು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಅವನು ಕಣ್ಣು ಮುಚ್ಚಿಕೊಂಡು ತಿದ್ದುತ್ತಿದ್ದ. ಒಂದು ಪುಟಕ್ಕೆ ಅರ್ಧ ಗಂಟೆ. "ನೀನು ಓದೋದು ಕೇಳಿದ್ರೆ ಹಸು ಮೆಲುಕು ಹಾಕ್ದಂಗಿರುತ್ತೆ" ಅನ್ನುತ್ತಿದ್ದ. ಹಾಗೆ ಅನ್ನುವಾಗ ಅವನ ತಲೆ ನನ್ನ ಭುಜದ ಮೇಲಿರುತ್ತಿತ್ತು. ಅದರ ಭಾರಕ್ಕೆ ನನ್ನ ಕೈ ಮರಗಟ್ಟುತ್ತಿತ್ತು, ಆದರೂ ಸರಿದು ಕೂರುತ್ತಿರಲಿಲ್ಲ. ಅದೇ ತಲೆ ಎಂದು ನನ್ನೊಳಗೆ ಒಂದು ದನಿ ಹೇಳುತ್ತಲೇ ಇತ್ತು.

ನನ್ನ ಮೇಲಿನ ಸಿಟ್ಟನ್ನೂ ಸೇರಿಸಿ ಕೋಚಿನ ಮೇಲೆ ಹಾಕಿದೆ. ಎರಡು ಪಾಲು ದ್ವೇಷ ಒಬ್ಬನ ಮೇಲೆ. ಅವನ ಬಟ್ಟೆ ಒಗೆಯುತ್ತಿದ್ದವಳೂ ನಾನೇ. ಅವನಿಗೊಂದು ಕೆಂಪು ಉಣ್ಣೆಯ ಸ್ವೆಟರ್ ಇತ್ತು, ಚಳಿಗಾಲವೆಲ್ಲ ಅದನ್ನೇ ಹಾಕುತ್ತಿದ್ದ. ಅದನ್ನು ಪ್ರತಿ ವಾರ ಒಂದಿಷ್ಟು ಬಿಸಿ ನೀರಿಗೆ ಹಾಕಿದೆ, ಒಂದೇ ಸಲ ಅಲ್ಲ, ತಿಂಗಳಿಗೆ ಅರ್ಧ ಅಂಗುಲದ ಲೆಕ್ಕದಲ್ಲಿ. ಹೊಟ್ಟೆ ಬೆಳೆಯುತ್ತಿದೆ ಅಂದುಕೊಂಡು ಅವನು ಮಧ್ಯಾಹ್ನದ ಊಟ ಬಿಟ್ಟ. ನೋಡಿ ಸಂತೋಷಪಟ್ಟೆ. ಆ ಸಂತೋಷ ಬಟ್ಟೆ ಒಣಗುವಷ್ಟು ಹೊತ್ತೂ ನಿಲ್ಲಲಿಲ್ಲ.

ಮಾರ್ಚಿನಲ್ಲಿ ಅಮೋಸನಿಗೆ ಕಾಗದ ಬಂತು. ಅವನ ಕಣ್ಣು ಇನ್ನೂ ಸರಿಹೋಗಿರಲಿಲ್ಲ, ಓದಿ ಹೇಳಿದ್ದೂ ನಾನೇ. ಹೆಲ್ಮೆಟ್ ಕದ್ದು ಆಜ್ಞೆ ಮೀರಿದ್ದಕ್ಕೆ ಮುಂದಿನ ವರ್ಷದಿಂದ ಓದಿನ ಅನುಕೂಲ ರದ್ದು. ಬೇಕಾದರೆ ಐದು ಜನ ಪ್ರೊಫೆಸರರ ಮುಂದೆ ದೂರು ಹೇಳಿಕೊಳ್ಳಬಹುದು. ಆಡಲಾರದವನ ಜಾಗಕ್ಕೆ ಆಡಬಲ್ಲ ಇನ್ನೊಬ್ಬ ಬೇಕು, ವಿಷಯ ಇಷ್ಟೇ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಅವರ ಮುಂದೆ ಏನಂತ ಹೇಳಲಿ?" ಅಂದ. "ಕದ್ದದ್ದು ಹೌದಲ್ಲ."

ಮೂರು ವಾರ ಟೈಮಿತ್ತು. ಆ ಮೂರು ವಾರ ನಾನು ಸರಿಯಾಗಿ ಊಟ ಮಾಡಿದ ನೆನಪಿಲ್ಲ. ಕೋಚನ್ನು ಮುಗಿಸುವ ಮಾತು ನನ್ನ ಬಾಯಲ್ಲೇ ಇತ್ತು. ಆಡಿದರೆ ಅಮೋಸನ ಓದು ಉಳಿಯುತ್ತದೆ, ಅಮೋಸ್ ನನಗೆ ಉಳಿಯುವುದಿಲ್ಲ. ಆಡದಿದ್ದರೆ ಇಬ್ಬರೂ ಅವನ ಊರಿಗೆ ಹೋಗಿ ಎಲ್ಲೋ ಕೂಲಿ ಮಾಡಿಕೊಂಡು ಇರಬಹುದಿತ್ತು. ಅವನು ಒಂದು ಭಾನುವಾರ ಹಾಗೆ ಕೇಳಿಯೂ ಇದ್ದ, ಬರ್ತೀಯಾ ಅಂತ. ಬಟ್ಟೆ ತೆಗೆಯಬೇಕು ಎಂದು ಎದ್ದು ಯಂತ್ರದ ಕಡೆ ಹೋಗಿದ್ದೆ.

ವಿಚಾರಣೆ ಲೈಬ್ರರಿಯ ಮೇಲಿನ ಕೋಣೆಯಲ್ಲಿ, ಒಂದು ಮಧ್ಯಾಹ್ನ. ಕೋಚ್ ಬಿಗಿ ಸ್ವೆಟರಿನಲ್ಲೇ ಬಂದಿದ್ದ. ಒಳ್ಳೆಯ ಹುಡುಗ, ಆದರೆ ಮಾತು ಕೇಳುವುದಿಲ್ಲ ಎಂದು ಮರುಗುವ ದನಿಯಲ್ಲಿ ಹೇಳಿದ. ಮಿಸ್ಟರ್ ನೀಡಮ್ ನೆಲ ನೋಡುತ್ತಿದ್ದರು. ಅವರಿಗೆ ನಾಲ್ಕು ಮಕ್ಕಳು, ಕೆಲಸ ಕೋಚಿನ ಕೈಯಲ್ಲಿ. ಅಮೋಸ್ ಎದ್ದು, ನನಗೆ ಏನೂ ನೆನಪಿಲ್ಲ, ತಪ್ಪಾಗಿದ್ದರೆ ಕ್ಷಮಿಸಿ ಅಂದ.

ಅವನು ಕ್ಷಮೆ ಕೇಳಿದನಲ್ಲ, ಅದನ್ನು ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಹಿಂದಿನ ಕುರ್ಚಿಯಿಂದ ಎದ್ದೆ.

"ಅವನು ಕದೀಲಿಲ್ಲ. ಹೆಲ್ಮೆಟ್ ಕೊಟ್ಟಿದ್ದು ನಾನು. ಕೇಳಿದ್ದು ಈ ಕೋಚ್."

ಕಿಟಕಿಗೆ ಯಾವಾಗ ಬಂದ, ಏನು ಕೇಳಿದ, ನಾನು ಎಲ್ಲೆಲ್ಲಿ ಎಷ್ಟು ಗಾಳಿ ತುಂಬಿದೆ, ಒಂದೂ ಬಿಡದೆ ಹೇಳಿದೆ. ಪೆಟ್ಟಿನ ವಿಷಯ ಗೊತ್ತಿದ್ದೇ ಕೊಟ್ಟೆ ಎಂದೂ ಹೇಳಿದೆ. ಅಮೋಸನ ಕಡೆ ಒಂದು ಸಲ ನೋಡಿದೆ. ಅವನು ನನ್ನನ್ನು ನೋಡುತ್ತಿದ್ದ ರೀತಿ, ಗುರುತು ಸಿಗದವರನ್ನು ನೋಡುವ ರೀತಿ.

ಕೋಚ್ ನಕ್ಕ. ಬಟ್ಟೆ ಒಗೆಯುವ ಹುಡುಗಿ, ಇವನ ಮೇಲೆ ಮನಸ್ಸಿಟ್ಟಿದ್ದಾಳೆ, ಇವನಿಗಾಗಿ ಏನು ಬೇಕಾದರೂ ಹೇಳುತ್ತಾಳೆ ಅಂದ. ಪ್ರೊಫೆಸರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ನೀಡಮ್ ತಲೆ ಎತ್ತದೆಯೇ ಮಾತಾಡಿದರು. "ಹುಡುಗನ ಹೆಲ್ಮೆಟ್ ಅವನು ಎರಡನೇ ಸಲ ಬಿದ್ದು ನಾನು ಓಡಿಹೋಗೋ ತನಕ ನನ್ನ ಕೆಳಗೇ ಇತ್ತು, ಸರ್. ಅಲ್ಲೀವರೆಗೆ ಅದರ ಮೇಲಿಂದ ನಾನು ಎದ್ದೇ ಇರಲಿಲ್ಲ. ಅವನು ಹಾಕ್ಕೊಂಡಿದ್ದು ಬೇರೆ."

ಕೋಚಿನ ಮುಖದಿಂದ ನಗು ಜಾರಿದ್ದನ್ನು ನಾನು ಕಣ್ಣು ತುಂಬ ನೋಡಿದೆ. ಇವತ್ತಿಗೂ ಬೇಕೆಂದಾಗ ತೆಗೆದು ನೋಡಿಕೊಳ್ಳುತ್ತೇನೆ.

ಅಮೋಸನ ಓದು ಉಳಿಯಿತು, ಪ್ರಯೋಗಶಾಲೆಯೂ ಸಿಕ್ಕಿತು. ಪಂಜರದ ಬೀಗದ ಕೈ ನೀಡಮ್ ಅವರಿಗೆ ಹೋಯಿತು, ಇನ್ನು ಅವರು ಒಪ್ಪದೆ ಯಾರಿಗೂ ಹೆಲ್ಮೆಟ್ ಇಲ್ಲ. ನನ್ನ ಕೆಲಸ ಅದೇ ದಿನ ಹೋಯಿತು. ಕೋಚ್ ಇನ್ನೊಂದು ವರ್ಷ ಇದ್ದ, ಸಾಲಾಗಿ ಸೋತ, ಆಮೇಲೆ ಅವನನ್ನೂ ಕಳಿಸಿದರು. ಅವನು ಸೋತ ಒಂದೊಂದು ಆಟವನ್ನೂ ಟಿಕೆಟ್ ಕೊಂಡು ಹೋಗಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ಸುಖವಾಗಿತ್ತು.

ಅಮೋಸ್ ಮಾತ್ರ ಆವತ್ತು ನನ್ನ ಪಕ್ಕದಿಂದಲೇ ಮೆಟ್ಟಿಲಿಳಿದು ಹೋದ. 

ಐದು ವಾರ ಕಳೆಯಿತು. ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮಪ್ಪನ ಮನೆಯ ಮುಂದೆ ಒಂದು ಟ್ರಕ್ಕು ನಿಂತಿತು. ಅಮೋಸ್ ಕೆಳಗಿಳಿಯದೆ ಕಿಟಕಿಯಿಂದಲೇ ಮಾತಾಡಿದ.

"ಕ್ಷಮಿಸೋಕೆ ಬಂದಿಲ್ಲ."

"ಸರಿ" ಅಂದೆ.

ಅವನ ಚಿಕ್ಕಪ್ಪನ ಹಸುವಿಗೆ ಹೆರಿಗೆ ಕಷ್ಟವಾಗಿತ್ತು. ಕರುವಿನ ಒಂದು ಕಾಲು ಒಳಗೇ ಮಡಿಸಿಕೊಂಡಿತ್ತು. ಡಾಕ್ಟರು ಪಕ್ಕದ ಜಿಲ್ಲೆಗೆ ಹೋಗಿದ್ದರು. ಏನು ಮಾಡಬೇಕೆಂದು ಅಮೋಸನಿಗೆ ಗೊತ್ತು, ಆದರೆ ಹಲಗೆಯಂಥ ಅವನ ಕೈ ಒಳಗೆ ಹೋಗುತ್ತಿರಲಿಲ್ಲ. ತೆಳ್ಳನೆಯ ಕೈ ಬೇಕು, ಹೇಳಿದ್ದನ್ನು ಕೇಳುವ ಕೈ.

"ಆ ಕೈ ತಗೊಂಡು ಬಾ" ಅಂದ.

ಟ್ರಕ್ಕು ಹತ್ತಿದೆ. ಕೊಟ್ಟಿಗೆಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿಕೊಂಡು ಮಂಡಿಯೂರಿದೆ. ಅವನು ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಗೊರಸನ್ನು ಅಂಗೈಯಲ್ಲಿ ಮುಚ್ಚಿಕೋ, ಹಿಂದಕ್ಕೆ ತಳ್ಳು, ಈಗ ಮೇಲಕ್ಕೆ ತಾ ಎಂದು ಹೇಳಿಕೊಡುತ್ತಾ ಹೋದ. ಹಸು ತಿಣುಕಿದಾಗಲೆಲ್ಲ ನನ್ನ ತೋಳು ಮುರಿದೇ ಹೋಯಿತು ಅನಿಸುತ್ತಿತ್ತು. ಬಿಡಲಿಲ್ಲ. ಕೊನೆಗೆ ಕಾಲು ನೆಟ್ಟಗಾಯಿತು. ಕರು ಜಾರಿ ಹುಲ್ಲಿನ ಮೇಲೆ ಬಿದ್ದು, ಸೀನಿ, ಉಸಿರಾಡಿತು.

ನಾನು ಅಲ್ಲೇ ಕೂತು ಅತ್ತೆ. ಆವತ್ತು ಪಂಪು ಒತ್ತುವಾಗಲೂ ನಿನ್ನ ಮೇಲೆ ಪ್ರೀತಿಯೇ ಇತ್ತು, ಇವತ್ತೂ ಇದೆ, ಇದಕ್ಕಿಂತ ಬೇರೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ ಅಂದೆ. ಅವನು ಬಹಳ ಹೊತ್ತು ಕರುವಿನ ಮೈ ಒರೆಸುತ್ತಿದ್ದ. ಆಮೇಲೆ ಅದೇ ಹುಲ್ಲಿನಿಂದ ನನ್ನ ತೋಳು ಒರೆಸುವುದಕ್ಕೆ ಶುರು ಮಾಡಿದ, ಬೆರಳಿನ ಸಂದಿ ಸಂದಿಯನ್ನೂ ಬಿಡದೆ.

"ನಂಗೆ ಇನ್ನೂ ಕೋಪ ಇದೆ" ಅಂದ.

"ಇರಲಿ."

"ಬೇಗ ಹೋಗೋ ಕೋಪ ಅಲ್ಲ ಇದು."

"ನಾನೂ ಬೇಗ ಹೋಗೋಳಲ್ಲ" ಅಂದೆ.