ಕನಸಿನಲ್ಲಿ ಬಂದ ಅರ್ಧ ಪದ್ಯ

ಐಸ್‌ಲ್ಯಾಂಡಿನ ನಮ್ಮ ಕಡಲೂರಿನಲ್ಲಿ ಒಬ್ಬರು ಪದ್ಯದ ಎರಡು ಸಾಲು ಹೇಳಿದರೆ ಇನ್ನೊಬ್ಬರು ಉಳಿದೆರಡು ಕಟ್ಟಿ ಮುಗಿಸಬೇಕು, ಸುಮ್ಮನಿದ್ದರೆ ಸೋತಂತೆ. ಆದರೆ ಕನಸಿನಲ್ಲಿ ಸತ್ತವರು ಹೇಳಿದ ಅರ್ಧ ಪದ್ಯವನ್ನು ಮಾತ್ರ ಯಾರೂ ಮುಗಿಸುವುದಿಲ್ಲ, ಮುಗಿಸಿದರೆ ಅವರ ಕರೆಗೆ ಓಗೊಟ್ಟಂತೆ.

ಅವತ್ತು ಬೆಳಗ್ಗೆ ಕಾಫಿ ಬಗ್ಗಿಸುತ್ತ ನಮ್ಮತ್ತೆ ಸ್ಟೇನ್‌ವೋರ್ ನನಗೆ ಹೇಳಿದರು: "ಮೂರು ರಾತ್ರಿಯಿಂದ ಅದೇ ಕನಸು ಕಣೆ. ಒದ್ದೆ ಮೈಯ ಗಂಡಸೊಬ್ಬ ಮಂಚದ ಕಾಲ್ದೆಸೆ ನಿಂತು ಹಾಡ್ತಾನೆ:

ಕಡಲಿನ ತಳದಲಿ ಹಾಸಿಗೆ ಹಾಸಿದೆ,
ಮರಳನು ದಿಂಬಿಗೆ ತುಂಬಿದೆನು."

ಅರ್ಧ ಪದ್ಯ ಕಿವಿಗೆ ಬಿದ್ದರೆ ಮಾವ ಈಸ್ಲೇವ್‌ಗೆ ನಾಲಿಗೆ ತುರಿಸುತ್ತದೆ. ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಹೇಳಿಬಿಟ್ಟರು:

"ಪಕ್ಕದಿ ನನಗೂ ಜಾಗವನುಳಿಸಿಡು,
ಬೂಟನು ಕಳಚಿಯೆ ಬರುತಿಹೆನು."

"ಥೂ, ನಿಮ್ಮ ಬಾಯಿಗಿಷ್ಟು ಬೀಗ ಹಾಕ! ಕನಸಿನ ಪದ್ಯ ಕಣ್ರೀ ಅದು!" ಅಂದರು ಅತ್ತೆ.

"ಪ್ರಾಸ ಕೂಡ್ತಲ್ಲ, ಬಿಡೆ," ಎಂದು ಮಾವ ನಗುತ್ತ ಲೋಟ ಎತ್ತಿದರು. ಆಗಷ್ಟೇ ಬಗ್ಗಿಸಿದ ಕಾಫಿ ತಣ್ಣಗೆ ಕೊರೆಯುತ್ತಿತ್ತು. ನಾನೂ ರುಚಿ ನೋಡಿದೆ, ಉಪ್ಪುಪ್ಪಾಗಿತ್ತು.

ಮೂವರೂ ಹೊರಗೆಲ್ಲೂ ಬಾಯಿ ಬಿಡಲಿಲ್ಲ. ಅತ್ತೆ ಹಟ ಹಿಡಿದು ಮಾವನನ್ನು ಮೀನು ಹಿಡಿಯಲು ಕಡಲಿಗೆ ಕಳಿಸಲಿಲ್ಲ. ಮರುದಿನ ಅಂಗಡಿಯ ಹಾಲ್ಗೆರ್ದ್ ನನಗೆ ಉಪ್ಪುಮೀನು ಕಟ್ಟಿಕೊಡುತ್ತ ನಾಲ್ಕೂ ಸಾಲನ್ನು ಒಂದಕ್ಷರ ತಪ್ಪದೆ ಹೇಳಿದಳು.

"ರಾತ್ರಿ ಕನಸಲ್ಲಿ ಕೇಳ್ದೆ. ಮೊದಲೆರಡು ಯಾವನೋ ಹೇಳ್ದ. ಕೊನೆಯೆರಡು ಹೇಳಿದ್ದು ನಿಮ್ಮ ಮಾವ. ಬರಿಗಾಲಲ್ಲಿ ನಿಂತಿದ್ರಲ್ಲ, ಯಾಕೆ?"

ಮಾವ ಈಗಲೂ ಚೆನ್ನಾಗಿಯೇ ಇದ್ದಾರೆ. ಕಡಲಿಗೆ ಹೋಗುವುದು ಬಿಟ್ಟು ನಾಲ್ಕು ವರ್ಷವಾಯಿತು. ಬಾಗಿಲ ಬಳಿ ಬಿಟ್ಟಿರುವ ಅವರ ಬೂಟುಗಳಲ್ಲಿ ಮಾತ್ರ ದಿನಾ ಬೆಳಗ್ಗೆ ಒಂದು ಹಿಡಿ ಒದ್ದೆ ಮರಳಿರುತ್ತದೆ. ನಾನೇ ಚೆಲ್ಲುತ್ತೇನೆ, ಅತ್ತೆಗೆ ಹೇಳಿಲ್ಲ.