ದಾರಿಗೆ ಅಡ್ಡ ಮೂರು ಕಲ್ಲು

ಹುಲ್ಲು ಒಣಗುವ ಕಾಲ. ಬೆಟ್ಟದ ಮಗ್ಗುಲಿನಲ್ಲಿ ಕೊಯ್ಲು ಶುರುವಾಗಿ, ಬೆಳಿಗ್ಗೆಯಿಂದಲೇ ಹೊರೆಗಳು ಠಾಣೆಯ ಮುಂದೆ ಹಾದು ಹೋಗುತ್ತಿದ್ದವು. ಸೋಮವಾರ ಎಂಟು ಗಂಟೆಗೆ ಆ ಹೊರೆಗಳ ನಡುವೆ ದಾರಿ ಮಾಡಿಕೊಂಡು ಒಬ್ಬ ಹೆಂಗಸು ಒಳಗೆ ಬಂದಳು. ಅವಳ ಅಣ್ಣ ಭಾನುವಾರ ಬೆಟ್ಟ ಹತ್ತಲು ಹೋದವನು ಮರಳಿರಲಿಲ್ಲ.

"ಒಬ್ಬರೇ ಹೋದ್ರಾ?" ಇನ್ಸ್‌ಪೆಕ್ಟರ್ ಕೇಳಿದ.

"ಯಾವಾಗ್ಲೂ ಒಬ್ಬನೇ ಸಾರ್. ನೀನು ಬಂದ್ರೆ ಬೆಟ್ಟಕ್ಕೂ ತಲೆನೋವು ಬರುತ್ತೆ ಅಂತಿದ್ದ." ಸೆರಗಿನಿಂದ ಮುಖ ಒರೆಸಿಕೊಂಡಳು. "ಜೀವ ಇರಬಹುದಲ್ವಾ?"

ಇನ್ಸ್‌ಪೆಕ್ಟರ್ ದೂರಿನ ಪುಸ್ತಕ ಎಳೆದುಕೊಂಡ. ನಾಪತ್ತೆ ಎಂದು ಎಫ್‌ಐಆರ್ ದಾಖಲಾಯಿತು.

ದಾರಿ ತೋರಿಸಲು ಮೇಲಿನ ಗುಡಿಸಲಿನ ಕೊಯ್ಲಿನವನನ್ನು ಕರೆದರು. ಊರವರ ಬಾಯಲ್ಲಿ ಅವನು ಹುಲ್ಲಣ್ಣ.

"ನಿನ್ನೆ ಯಾರನ್ನಾದ್ರೂ ನೋಡಿದ್ಯಾ?"

"ಇಲ್ಲ ಸಾರ್."

ಏರು ಕಡಿದಾಗಿತ್ತು. ಕಾನ್‌ಸ್ಟೇಬಲ್ ಮಂಡಿ ಹಿಡಿದು ನಿಂತ. "ನನ್ನನ್ನ ವರ್ಗ ಮಾಡಿಸಿಬಿಡಿ ಸಾರ್."

"ಇದಕ್ಕಿಂತ ಎತ್ತರದ ಠಾಣೆಗೆ ಹಾಕಿಸ್ತೀನಿ, ನಡಿ."

ಬಂಡೆಯ ಬಳಿ ದಾರಿ ಕವಲೊಡೆಯಿತು. ಎಡಗಡೆ ಮೂರು ಕಲ್ಲು ಒಂದರ ಮೇಲೊಂದು ಕೂತಿದ್ದವು. ಇನ್ಸ್‌ಪೆಕ್ಟರ್ ಅತ್ತ ಕಾಲಿಟ್ಟದ್ದೇ ಹುಲ್ಲಣ್ಣ ಅವನ ತೋಳು ಹಿಡಿದು ಎಳೆದ.

"ಆ ಕಡೆ ಬೇಡಿ. ಕಲ್ಲು ಕಾಣ್ಲಿಲ್ವಾ? ಮಳೇಲಿ ಅಂಚು ಕುಸಿದಿದೆ. ಹೋಗಬೇಡಿ ಅಂತ ನಾವೇ ಇಟ್ಟಿದ್ದು."

"ದಾರಿ ಇದೇ ಅಂತ ಗುರುತು ಅಂದ್ಕೊಂಡೆ."

"ಹತ್ತೋಕೆ ಬರೋರೆಲ್ಲ ಹಾಗೇ ಅಂದ್ಕೊಳ್ತಾರೆ. ಅವರೂ..." ಮಾತು ಅಲ್ಲೇ ನಿಂತಿತು.

"ಅವರೂ ಅಂದ್ರೆ ಯಾರು?"

ಹುಲ್ಲಣ್ಣ ನೆಲದ ಮೇಲೆ ಕೂತುಬಿಟ್ಟ.

"ನಿನ್ನನ್ನ ಕೇಳಿದ್ನಾ?"

"ಇದೇ ದಾರೀನಾ ಅಂತ ಕೇಳಿದ್ರು. ಹೂಂ ಅಂದೆ."

ಕುಸಿದ ಅಂಚಿನ ಕೆಳಗೆ, ಹಗ್ಗ ಇಳಿಸಿದಲ್ಲಿ, ಶವ ಸಿಕ್ಕಿತು. ಪಂಚನಾಮೆ ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು.

"ಯಾಕೋ ಹೂಂ ಅಂದೆ?" ಇನ್ಸ್‌ಪೆಕ್ಟರ್ ಕೇಳಿದ.

"ಹೋದ ವರ್ಷ ಇದೇ ಕೊಯ್ಲಲ್ಲಿ ನನ್ನವಳಿಗೆ ಎದೆನೋವು ಬಂತು. ಈ ಬಂಡೆ ಮೇಲೆ ನಿಂತು ಎರಡೂ ಕೈ ಎತ್ತಿ ಕೂಗಿದೆ. ಎದುರಿನ ಏರಲ್ಲಿ ಐದಾರು ಜನ ಹತ್ತುತಾ ಇದ್ರು. ಅವರೂ ಕೈ ಬೀಸಿ, ನಗ್ತಾ ಮೇಲೆ ಹೋದ್ರು. ಒಬ್ಬನೇ ಹೊತ್ಕೊಂಡು ಇಳಿದೆ. ಅರ್ಧ ದಾರೀಲೇ ಹೋಗಿಬಿಟ್ಲು."

"ಆ ಗುಂಪಲ್ಲಿ ಇವನಿದ್ನಾ?"

"ಗೊತ್ತಿಲ್ಲ ಸಾರ್. ಬೆನ್ನಿಗೆ ಅಂಥದ್ದೇ ಚೀಲ ಇತ್ತು."

"ಇವನು ಯಾವತ್ತೂ ಯಾರ ಜೊತೆಗೂ ಹತ್ತಿದವನಲ್ಲ."

ಹುಲ್ಲಣ್ಣ ಮೂರು ಕಲ್ಲಿನ ಕಡೆ ತಿರುಗಿದ. ಅಲ್ಲೇ ಅವನನ್ನು ದಸ್ತಗಿರಿ ಮಾಡಿದರು.

ಇಳಿಯುವಾಗ ಗುಡಿಸಲಿನ ಬಾಗಿಲ ಬಳಿ ಅವನು ನಿಂತ. ಒಳಗೆ ಗೂಟಕ್ಕೆ ಬಟ್ಟೆಯ ಕವಚ ಹೊಲಿದ ಸ್ಟೀಲ್ ಬಾಟಲಿ ನೇತಾಡುತ್ತಿತ್ತು.

"ಹೂಂ ಅಂದಮೇಲೆ ಅವರೇ ಕೊಟ್ಟಿದ್ದು. ಬಿಸಿಲಲ್ಲಿ ಕೊಯ್ತಾ ಇದ್ದೀಯಪ್ಪಾ, ಕುಡಿ, ಇಳಿಯುವಾಗ ಇಸ್ಕೊಳ್ತೀನಿ ಅಂದ್ರು. ಆಗಲೂ ಕೂಗಬಹುದಿತ್ತು. ಬಾಯಿ ಬರಲಿಲ್ಲ." ಬಾಟಲಿಯ ಕಡೆ ಕೈ ತೋರಿದ: "ಕುಡಿದು, ಬಂಡೆ ಸಂದೀಲಿ ಉಕ್ಕೋ ಊಟೆ ನೀರು ತುಂಬಿಟ್ಟಿದ್ದೀನಿ. ಅವರ ತಂಗೀಗೆ ಕೊಟ್ಬಿಡಿ ಸಾರ್."

ಕಾನ್‌ಸ್ಟೇಬಲ್ ಇನ್ಸ್‌ಪೆಕ್ಟರನ ಮುಖ ನೋಡಿದ. ಜಪ್ತಿ ಮಾಡಿದ ವಸ್ತು ಕೇಸು ಮುಗಿಯುವವರೆಗೆ ಯಾರಿಗೂ ಕೊಡುವ ಹಾಗಿಲ್ಲ. ಇನ್ಸ್‌ಪೆಕ್ಟರ್ ಮುಚ್ಚಳ ತಿರುಗಿಸಿ, ನೀರನ್ನು ನೆಲಕ್ಕೆ ಚೆಲ್ಲಿ, ಬಾಟಲಿಗೆ ಅರಗಿನ ಮೊಹರು ಹಾಕಿದ.