ದೊರೆ ಕೂತ ಜಾಗ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸಿನ ದೂರು ವಿಚಿತ್ರವಾಗಿತ್ತು. ಅವಳ ಮೈದುನ ನಡೆಸುವ ಲಾಂಡ್ರಿಯ ಹಿಂಭಾಗದಲ್ಲಿ ಬೀಗ ಜಡಿದ ಬಾಯ್ಲರ್ ಕೋಣೆಯಿದೆ. ಅದರೊಳಗೆ ನಾಯಿ ಬೊಗಳುತ್ತದೆ. ನಾಯಿ ಮಾತ್ರ ಇಲ್ಲ.

"ಕೆಲಸದವರು ಯಾರೂ ಆ ಕಡೆ ಸುಳೀತಿಲ್ಲ ಮೇಡಂ."

"ನಿಮ್ಮ ಯಜಮಾನ್ರು?" ಇನ್ಸ್‌ಪೆಕ್ಟರ್ ಕೇಳಿದರು.

"ಮೂರು ವರ್ಷದಿಂದ ನಾಪತ್ತೆ. ನಿಮ್ಮಲ್ಲೇ ಕೇಸಿದೆ."

ಬಾಗಿಲ ಬಳಿಯಿದ್ದ ಹೆಡ್ ಕಾನ್‌ಸ್ಟೇಬಲ್ ತಲೆಯೆತ್ತಿದ. ಠಾಣೆಯಲ್ಲಿ ಎಲ್ಲರೂ ಅವನನ್ನು ದೊರೆಯಪ್ಪ ಎಂದೇ ಕರೆಯುತ್ತಿದ್ದರು. ಶ್ವಾನದಳದಲ್ಲಿ ದೊರೆ ಎಂಬ ನಾಯಿಯನ್ನು ಮರಿಯಿಂದ ಪಳಗಿಸಿದವನು ಅವನು. ಕುಸಿದ ಕಟ್ಟಡದಡಿ ಉಸಿರಾಡುತ್ತಿದ್ದ ಮಗುವನ್ನು ತೋರಿಸಿಕೊಟ್ಟ ನಾಯಿ ಅದು. "ನನಗಿಂತ ಅದರ ಜೊತೆಗೇ ನಿಮ್ಮ ಸಂಸಾರ ನೆಟ್ಟಗಿದೆ" ಎಂದು ಹೆಂಡತಿ ಮೂದಲಿಸುತ್ತಿದ್ದಳು.

ದೊರೆಯ ಕೊನೆಯ ಕೇಸು ಇದೇ ಲಾಂಡ್ರಿಯದು. ಅಂದು ಅದು ಬಾಯ್ಲರ್ ಕೋಣೆಯ ಗೋಡೆಯ ಮುಂದೆ ಬೊಗಳಿ, ಕೂತು, ಎಷ್ಟು ಎಳೆದರೂ ಏಳಲಿಲ್ಲ. ಸೋಪು, ಬ್ಲೀಚಿನ ವಾಸನೆಗೆ ಮುದಿ ನಾಯಿಯ ಮೂಗು ಕೆಟ್ಟಿದೆ ಎಂದು ಆಗಿನ ಅಧಿಕಾರಿ ನಿವೃತ್ತಿ ಕೊಡಿಸಿಬಿಟ್ಟರು. ದೊರೆಯಪ್ಪನ ಮನೆಯಲ್ಲೇ ಇದ್ದು ಕಳೆದ ಚಳಿಗಾಲದಲ್ಲಿ ಅದು ಸತ್ತಿತ್ತು.

ಲಾಂಡ್ರಿಯಲ್ಲಿ ಮೈದುನ ಬೀಗ ತೆಗೆದ. "ಅತ್ತಿಗೆಗೆ ಭ್ರಮೆ ಮೇಡಂ," ಎಂದವನು ಹೊಸ್ತಿಲು ದಾಟಲಿಲ್ಲ.

ಒಳಗೆ ತಣ್ಣನೆಯ ಮುಗ್ಗಲು ವಾಸನೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎರಡು ಗಿಡ್ಡ ಬೊಗಳು, ಒಂದು ಉದ್ದ.

ಹಗ್ಗ ಹಿಡಿಯಲೆಂದು ದೊರೆಯಪ್ಪನ ಕೈ ತಾನಾಗಿಯೇ ಕೆಳಗೆ ಹೋಯಿತು.

"ಮೇಡಂ, ಇದು ದೊರೆ."

"ಅದು ಸತ್ತಿದೆಯಲ್ರೀ."

"ಹೌದು, ನಾನೇ ಮಣ್ಣು ಹಾಕಿದ್ದು. ಆದ್ರೂ ಇದು ಅದೇ."

ಇನ್ಸ್‌ಪೆಕ್ಟರ್ ಟಾರ್ಚ್ ಹಾಯಿಸಿದರು. ಗಾಳಿಕಿಂಡಿಯಲ್ಲಿ ಮುಷ್ಟಿಗಾತ್ರದ ಸ್ಪೀಕರ್ ಸಿಕ್ಕಿತು. ಜೊತೆಗೆ ಬಂದಿದ್ದ ಹೆಂಗಸು ಗಾಬರಿಯಾಗಲಿಲ್ಲ.

"ನಾನೇ ಹೊರಗಿನಿಂದ ಇಟ್ಟಿದ್ದು. ಅವತ್ತು ಅದು ಬೊಗಳಿದ್ದನ್ನ ಫೋನಲ್ಲಿ ತೆಗೆದಿದ್ದೆ. ನಾನು ಕರೆದಾಗ ಯಾರೂ ಬರಲಿಲ್ಲ. ಅದು ಕರೆದ್ರೆ ಬಂದ್ರಿ."

ಇನ್ಸ್‌ಪೆಕ್ಟರ್ ಅವಳನ್ನು ಗದರಲಿಲ್ಲ. ಸ್ಪೀಕರನ್ನು ಆರಿಸಿ ಸೀಲು ಮಾಡಿಸಿದರು. ಕೋಣೆಗೆ ಕಾವಲು ಹಾಕಿ, ಗೋಡೆ ಒಡೆಯಲು ಅನುಮತಿಗೆ ಬರೆದರು.

ಮರುದಿನ ಮಧ್ಯಾಹ್ನ ಪಂಚರ ಸಮಕ್ಷಮದಲ್ಲಿ ದಳದ ಹೊಸ ನಾಯಿಯನ್ನು ಬಿಟ್ಟರು. ಅದು ದೊರೆಯನ್ನು ಕಂಡದ್ದೇ ಇಲ್ಲ. ನೆಲ ಮೂಸುತ್ತ ನೇರ ಅದೇ ಗೋಡೆಗೆ ಹೋಗಿ ಕೂತಿತು. ಬಳಿಕ ಯಾರಿಗೋ ಜಾಗ ಬಿಡುವಂತೆ ಒತ್ತಿಗೆ ಸರಿದು, ಪಕ್ಕದ ಖಾಲಿ ನೆಲವನ್ನೇ ನೋಡುತ್ತ ಮೆಲ್ಲಗೆ ಬಾಲ ಆಡಿಸಿತು. ಪಂಚರಲ್ಲೊಬ್ಬ ಎರಡು ಹೆಜ್ಜೆ ಹಿಂದೆ ಸರಿದ. ದೊರೆಯಪ್ಪ ಮಾತ್ರ ಆ ಖಾಲಿ ಜಾಗದ ಮೇಲೆ ಕಾಲಿಡದೆ ಬಳಸಿ ಹೋಗಿ ನಾಯಿಯ ಹಗ್ಗ ಹಿಡಿದ.

ಗೋಡೆಯ ಹಿಂದೆ ಮೂಳೆಗಳಿದ್ದವು. ಬೆಲ್ಟು ಗಂಡನದೇ ಎಂದು ದೂರು ಕೊಟ್ಟ ಹೆಂಗಸು ಗುರುತಿಸಿದಳು. ಅಳಲಿಲ್ಲ; ನೀರು ಕೇಳಿ ಕುಡಿದಳು.

ಪಂಚನಾಮೆ ಬರೆಯುತ್ತಿದ್ದ ಇನ್ಸ್‌ಪೆಕ್ಟರ್ ಪೆನ್ನು ನಿಲ್ಲಿಸಿದರು. "ಜಾಗ ಮೊದಲು ತೋರಿಸಿದ್ದು ಯಾರು ಅಂತ ಬರೀಲಿ?"

"ದೊರೆ ಅಂತ ಬರೀರಿ ಮೇಡಂ," ದೊರೆಯಪ್ಪ ಹೇಳಿದ. "ಅದರ ಮೂಗು ಕೆಟ್ಟಿರಲಿಲ್ಲ."

ಅವರು ಹಾಗೆಯೇ ಬರೆದರು.

ಕೊಲೆ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಅಂಗಡಿಯಲ್ಲಿ ಹಾಸು ಮಡಚುತ್ತಿದ್ದ ಮೈದುನ ಓಡಲಿಲ್ಲ. ಕೈಯಲ್ಲಿದ್ದುದನ್ನು ಮಡಚಿ ಮುಗಿಸಿ ಜೀಪು ಹತ್ತಿದ.

"ಆಸ್ತಿ ಜಗಳನಾ?" ಇನ್ಸ್‌ಪೆಕ್ಟರ್ ವಿಚಾರಣೆ ಶುರುಮಾಡಿದರು.

"ಅಲ್ಲ."

"ಬೈದಿದ್ನಾ?"

"ಅಣ್ಣ ಬೈಯೋನೇ ಅಲ್ಲ ಮೇಡಂ." "ನಾನು ಇಸ್ತ್ರಿ ಮಾಡಿಟ್ಟಿದ್ದನ್ನ ಬಿಡಿಸಿ, ನೀರು ಚಿಮುಕಿಸಿ, ಮತ್ತೆ ಮಾಡೋನು. ಬಾಯಿ ಬಿಡ್ತಿರಲಿಲ್ಲ. ಒಂದೊಂದು ಅಂಗಿನೂ. ನನ್ನ ಮದುವೆ ದಿನ ನಾನು ಹಾಕ್ಕೊಳ್ಳೋ ಅಂಗಿನೂ. ಆ ಕೊನೇ ದಿನ ಮತ್ತೆ ಬಿಡಿಸಿದ. ಇಸ್ತ್ರಿ ಪೆಟ್ಟಿಗೆ ನನ್ನ ಕೈಯಲ್ಲಿತ್ತು."

ದೊರೆಯಪ್ಪ ಅವನನ್ನು ಕರೆದೊಯ್ದು ಲಾಕಪ್ಪಿನ ಬಾಗಿಲೆಳೆದ. ಒಳಗೆ ಅವನು ತನ್ನ ಅಂಗಿಯ ಸುಕ್ಕನ್ನು ಅಂಗೈಯಿಂದ ಒತ್ತಿ ಒತ್ತಿ ತೀಡುತ್ತಿದ್ದ.